ಉಪಮೆ ಅರಿಯದ ಬಾಗಿಲು

ಆಸ್ಪತ್ರೆಯ ಬಾಗಿಲು ತೆರೆಯಬೇಕಾದರೆ ರೋಗಿಯೇ ಯಂತ್ರಕ್ಕೆ ತನ್ನ ನೋವು ಹೇಳಬೇಕಿತ್ತು. ಉಪಮೆ, ರೂಪಕ ಅದಕ್ಕೆ ತಿಳಿಯುತ್ತಿರಲಿಲ್ಲ. ಬೆವರಿ ತೊಯ್ದ ಗಂಡನನ್ನು ತಬ್ಬಿಕೊಂಡು ಕಾಶವ್ವ ಬಾಗಿಲೆದುರು ಕೂತಿದ್ದಳು.

"ಎದಿ ಮ್ಯಾಲೆ ಕಲ್ಲು ಹೇರಿದಂಗ ಆಗೈತ್ರಿ," ಎಂದ ಮಡಿವಾಳಪ್ಪ.

"ಕಲ್ಲು ಕಾಣುತ್ತಿಲ್ಲ. ಮತ್ತೆ ಹೇಳಿ," ಎಂದಿತು ಯಂತ್ರ.

"ಒಳಗ ಬೆಂಕಿ ಬಿದ್ದೈತಿ."

"ಬೆಂಕಿ ಇಲ್ಲ. ಮತ್ತೆ ಹೇಳಿ."

"ಇವರಿಗೆ ಎದಿ ನೋವೈತ್ರಿ," ಎಂದು ಕಾಶವ್ವ ಕೂಗಿದಳು.

"ರೋಗಿಯೇ ಹೇಳಬೇಕು."

ಅವಳು ಅವನ ಗಲ್ಲ ಹಿಡಿದು ಅಲುಗಿಸಿದಳು. "ಬ್ಯಾರೆ ಏನೂ ಬ್ಯಾಡ. ಎದಿ ನೋವು ಅನ್ನು. ಅಷ್ಟ ಅನ್ನು."

ಅವನಿಗೆ ಅವಳ ಮಾತು ಕೇಳಿಸಿದಂತಿರಲಿಲ್ಲ. ಅವಳ ಮುಖವನ್ನೇ ನೋಡುತ್ತ ಉಳಿದ ಉಸಿರನ್ನೆಲ್ಲ ಕೂಡಿಸಿಕೊಂಡ.

"ಕಾಶಿ, ನೀನ ನನ್ನ ಜೀವ."

ಯಂತ್ರದ ಕಣ್ಣು ಅವಳನ್ನು ಮೇಲಿಂದ ಕೆಳಗೆ ಪರೀಕ್ಷಿಸಿತು.

"ಜೀವಕ್ಕೆ ಅಪಾಯವಿಲ್ಲ. ಮುಂದಿನವರು ಬನ್ನಿ."