ನಾಲ್ಕನೇ ಲೈನು

ಊಟ ಮುಗಿಸಿ ಬಂದು ಕಂಪ್ಯೂಟರಿನ ಮುಂದೆ ಕೂತ ಸೊಸೆಗೆ ತನ್ನ ಎರಡನೇ ಡೆಸ್ಕ್‌ಟಾಪ್ ಬಟ್ಟಬಯಲಾಗಿ ಕಂಡಿತು. ಇನ್ನೂರ ಹನ್ನೆರಡು ಪುಟದ ಪುಸ್ತಕವೊಂದಕ್ಕೆ ಅವಳು ಮಾಡುತ್ತಿದ್ದ ಪದಸೂಚಿ ಅಲ್ಲಿರಲಿಲ್ಲ.

“ಮಾವ, ಇಲ್ಲಿದ್ದ ನನ್ನ ಫೈಲ್ ಏನಾಯ್ತು?”

“ಏನೂ ಆಗಿಲ್ಲಮ್ಮ. ಎರಡನೇ ಲೈನು ಖಾಲಿ ಮಾಡಿಸ್ದೆ. ಮೂರರಲ್ಲಿ ನಿಂತಿದೆ ನೋಡು,” ಎಂದರು ಮಾವ, ಪತ್ರಿಕೆಯಿಂದ ತಲೆಯೆತ್ತದೆ.

ತಪ್ಪು ಅವಳದೇ. ಮನೆಯಲ್ಲಿದ್ದುದು ಎರಡು ಕೋಣೆ, ಮೂರು ಜನ, ಒಂದು ಕಂಪ್ಯೂಟರು. ಬೆಳಿಗ್ಗೆ ಅದರಲ್ಲಿ ಇಸ್ಪೀಟು ಆಡುವ ಮಾವ ತನ್ನ ಕೆಲಸವನ್ನೆಲ್ಲ ಮುಚ್ಚಿಬಿಡುತ್ತಾರೆಂದು ಒಂದೇ ಪರದೆಯೊಳಗೆ ಬೇರೆಬೇರೆಯಾಗಿ ನಾಲ್ಕು ಡೆಸ್ಕ್‌ಟಾಪ್ ಮಾಡಿ, ಮೊದಲನೆಯದನ್ನು ಅವರಿಗೆ ಬಿಟ್ಟುಕೊಟ್ಟಿದ್ದಳು. ಕಂಟ್ರೋಲ್, ವಿಂಡೋಸ್, ಬಾಣದ ಗುರುತು. ಮೂರನ್ನೂ ಒಟ್ಟಿಗೆ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಜಿಗಿತ. ತಿಳಿಯಲೆಂದು, “ಪ್ಲಾಟ್‌ಫಾರ್ಮ್ ಇದ್ದ ಹಾಗೆ ಮಾವ” ಎಂದಿದ್ದಳು. ಮೂವತ್ತಾರು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದವರ ಎದುರು ಆಡಬಾರದ ಮಾತು. ನಿವೃತ್ತರಾದ ಒಂಬತ್ತು ವರ್ಷಕ್ಕೆ ಅವರಿಗೆ ಮತ್ತೆ ನಾಲ್ಕು ಲೈನು ಸಿಕ್ಕಿತ್ತು. ತೆರೆದ ಫೈಲನ್ನು ಒಂದರಿಂದ ಇನ್ನೊಂದಕ್ಕೆ ಎಳೆದು ಬಿಡುವುದನ್ನು ತಾವಾಗಿಯೇ ಕಂಡುಕೊಂಡರು.

“ಖಾಲಿ ಯಾಕೆ ಮಾಡಿಸಿದ್ರಿ?”

“ಒಂದು ಲೈನಾದ್ರೂ ಯಾವಾಗ್ಲೂ ತೆರವಾಗಿರ್ಬೇಕು. ಎಲ್ಲ ಕಡೆ ತುಂಬಿಸಿಟ್ರೆ ಹೀಗೇ. ನಿನ್ನ ಗಾಡಿ ದಿನಾ ತಡ ಯಾಕೆ ಅಂತ ಈಗ ಗೊತ್ತಾಯ್ತು.”

ಪದಸೂಚಿ ಮೂರರಲ್ಲಿ ಸುರಕ್ಷಿತವಾಗಿತ್ತು. ಒಂದಕ್ಷರವೂ ಅಳಿಸಿರಲಿಲ್ಲ. ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು.

“ನಾಲ್ಕಕ್ಕೇನಾದ್ರೂ ಹೋಗಿದ್ರಾ?”

“ತಪಾಸಣೆ ಅಂದ್ಮೇಲೆ ಎಲ್ಲ ಲೈನೂ ನೋಡ್ಬೇಕಲ್ಲಮ್ಮ.”

ನಾಲ್ಕರಲ್ಲಿದ್ದುದು ಬಾಡಿಗೆ ಮನೆಗಳ ಪುಟ. ಎರಡು ವಾರದಿಂದ ಅವಳೂ ಗಂಡನೂ ಹುಡುಕುತ್ತಿದ್ದರು, ಇಬ್ಬರಿಗೆ ಸಾಲುವಂಥದ್ದು. ಮನೆ ಖಚಿತವಾಗುವ ತನಕ ಅಪ್ಪನಿಗೆ ತಿಳಿಯುವುದು ಬೇಡ ಎಂದು ಗಂಡ ಹೇಳಿದ್ದ. ಮಾವ ಎರಡನೆಯದನ್ನು ದಾಟಿ ಬರಲಾರರು ಎಂದು ಅವಳು ಧೈರ್ಯ ಹೇಳಿದ್ದಳು. ಈಗ ತಿರುಗಿ ಅವರ ಮುಖ ನೋಡುವುದು ಅವಳಿಂದಾಗಲಿಲ್ಲ.

ಬೆನ್ನ ಹಿಂದೆ ಪತ್ರಿಕೆ ಮಡಿಸಿದ ಸದ್ದಾಯಿತು.

“ಗುರುತು ಹಾಕಿದೀರಲ್ಲ, ಆ ಮೂರನೇ ಮನೆ, ಅದು ಮಾತ್ರ ಬೇಡ,” ಎಂದರು ಮಾವ. “ನಕ್ಷೆ ತೆಗೆದು ನೋಡ್ದೆ. ಹಳಿಗೂ ಕಿಟಕಿಗೂ ಮುನ್ನೂರು ಅಡಿ ಇಲ್ಲ. ರಾತ್ರಿ ಎರಡೂ ಹತ್ತಕ್ಕೊಂದು ಗೂಡ್ಸು, ಮೂರೂವರೆಗೆ ಇನ್ನೊಂದು. ನೀವಿಬ್ರೂ ಕಣ್ಣು ಮುಚ್ಚಲ್ಲ.”

“ಸರಿ ಮಾವ. ಅದನ್ನ ಬಿಟ್ಟೇ ಬಿಡ್ತೀವಿ.”

“ಬಿಡಿ, ಬಿಡಿ,” ಎಂದು ಅವರು ಕನ್ನಡಕ ತೆಗೆದು ಒರೆಸತೊಡಗಿದರು. “ನನಗಾದ್ರೆ ಅಲ್ಲಿ ಒಳ್ಳೇ ನಿದ್ದೆ ಬರುತ್ತೆ.”