ಹತ್ತು ದಿನದ ಯೋಗಕ್ಷೇಮ

“ಕುಡಿಯೋ ಕರಿಯಾ, ಒಂದೇ ಒಂದು ಗುಟುಕು,” ಎಂದು ಪದ್ಮನಾಭ ನೀಲಮ್ಮನವರ ಗೇಟಿನೊಳಗೆ ಕುಕ್ಕರುಗಾಲಲ್ಲಿ ಕೂತು ಅಂಗಲಾಚುತ್ತಿದ್ದ. ನಾಯಿ ಬಟ್ಟಲಿನ ನೀರನ್ನು ಮೂಸಿ ಮುಖ ತಿರುಗಿಸಿತು. ಪದ್ಮನಾಭನ ಹೊಕ್ಕುಳು ತಣ್ಣಗಾಯಿತು.

“ನೀರು ಕಂಡ್ರೆ ಹೆದರ್ತಾ ಇದೆ, ನೀಲಮ್ಮನೋರೇ.”

“ಹೆದರಿಕೆ ಅಲ್ಲ ಮೇಷ್ಟ್ರೇ, ಹೊಟ್ಟೇಲಿ ಜಾಗ ಇಲ್ಲ. ಈಗ ತಾನೇ ಒಂದು ಬಾಟ್ಲಿ ಡೈರಿ ಹಾಲು ಕುಡಿಸಿದ್ದು ಯಾರು?”

ಆರು ದಿನದ ಹಿಂದೆ, ರಾಜಾಜಿನಗರದ ಅದೇ ರಸ್ತೆಯಲ್ಲಿ ಪದ್ಮನಾಭ ಪುಸ್ತಕ ಓದುತ್ತಲೇ ನಡೆದು ಬರುತ್ತಿದ್ದ. ಹಿಮ ಬೀಳುವ ಯಾವುದೋ ಊರಿನ ಕಥಾನಾಯಕ ನದಿಗೆ ಹಾರುವನೋ ಇಲ್ಲವೋ ಎಂಬ ಘಟ್ಟದಲ್ಲಿ ಇವನು ನೀಲಮ್ಮನವರ ಗೇಟಿನೆದುರು ಮಲಗಿದ್ದ ಅವರ ನಾಯಿ ಕರಿಯನ ಬಾಲ ತುಳಿದ. ಕರಿಯ ಇವನ ಮೀನಖಂಡಕ್ಕೆ ಬಾಯಿ ಹಾಕಿತು. ಗಾಯ ತೊಳೆದ ಡಾಕ್ಟರು, “ಹತ್ತು ದಿನ ಆ ನಾಯೀನ ನೋಡ್ಕೊಳ್ಳಿ. ಅದಕ್ಕೇನಾದ್ರೂ ಹೆಚ್ಚುಕಡಿಮೆ ಆದ್ರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್,” ಎಂದಿದ್ದರು. ಅವರು ಹೇಳಿದ್ದು ಗಮನಿಸಿ ಎಂದು. ಪದ್ಮನಾಭ ಕೇಳಿಸಿಕೊಂಡದ್ದು ಸಲಹಿ ಎಂದು. ಕನ್ನಡದ ಅಧ್ಯಾಪಕ ಬೇರೆ.

ಬೈಟು ಕಾಫಿ ಮುಗಿಯುವುದರೊಳಗೆ ಬದುಕಿಗೆ ಅರ್ಥವಿಲ್ಲವೆಂದು ಸಾಧಿಸಿ ತೋರಿಸುತ್ತಿದ್ದವನು ಈಗ ಬೆಳಗಾಗೆದ್ದು ಬಂದು ನಾಯಿಯ ಮೂಗು ಒದ್ದೆಯಿದೆಯೇ ಎಂದು ಮುಟ್ಟಿ ನೋಡುತ್ತಿದ್ದ. ಕಿವಿಯ ಉಣ್ಣಿ ಕಿತ್ತ. ಬೇವಿನೆಲೆ ಹಾಕಿ ಕಾಯಿಸಿದ ನೀರಿನಲ್ಲಿ ಮೈ ತೊಳೆದ. ಹೆತ್ತ ತಾಯಿಗೆ ಜ್ವರ ಬಂದಾಗಲೂ ಇವನು ಅಷ್ಟು ಸಲ ಹಣೆ ಮುಟ್ಟಿದವನಲ್ಲ.

ಏಳನೆಯ ದಿನ ಕರಿಯ ವಾಂತಿ ಮಾಡಿತು. ಪದ್ಮನಾಭ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದ.

“ನಿಮ್ಮ ಬೆಣ್ಣೆ ಬಿಸ್ಕತ್ತು,” ನೀಲಮ್ಮ ಬೂದಿ ಹಾಕಿ ಗುಡಿಸುತ್ತ ಅಂದರು. “ಹತ್ತು ದಿನ ಬದುಕಿಸ್ಬೇಕು ಅಂತ ಹೋಗಿ ಎಂಟನೇ ದಿನಕ್ಕೇ ಸಾಯಿಸ್ತೀರಿ. ನಾಳೆಯಿಂದ ಬರೀ ಗಂಜಿ. ನಿಮಗೂ ಒಳ್ಳೇದು.”

ಹತ್ತನೆಯ ಬೆಳಿಗ್ಗೆ ಕರಿಯ ಪೇಪರಿನವನನ್ನು ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಹೋಗಿ ಬಂದು, ಲೊಚಲೊಚನೆ ಒಂದು ಬಟ್ಟಲು ನೀರು ಖಾಲಿ ಮಾಡಿತು. ಪದ್ಮನಾಭ ಹತ್ತು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಸಿರೆಳೆದುಕೊಂಡ.

ನೀಲಮ್ಮ ಒಳಗಿನಿಂದ ಸರಪಳಿ ತಂದರು.

“ನನಗೆ ಮಂಡಿನೋವು, ಇದರ ಜೊತೆ ಓಡೋಕಾಗಲ್ಲ. ದಿನಾ ಒಂದು ಸುತ್ತು ತಿರುಗಿಸ್ಕೊಂಡು ಬನ್ನಿ ಮೇಷ್ಟ್ರೇ. ಏಳು ಗಂಟೆ ಆಯ್ತು ಅಂದ್ರೆ ಗೇಟು ಬಿಟ್ಟು ಕದಲಲ್ಲ, ನಿಮ್ಮ ಚಪ್ಪಲಿ ಸದ್ದಿಗೆ ಕಾಯುತ್ತೆ. ನನಗಿಂತ ನಿಮ್ಮನ್ನೇ ಹಚ್ಕೊಂಡಿದೆ.”

ಕರಿಯ ಪದ್ಮನಾಭನ ಪಾದದ ಮೇಲೇ ಕೂತು, ಸರಪಳಿಗೆ ಕತ್ತು ಚಾಚಿತು.

ಪದ್ಮನಾಭ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.

“ಬೇಡ,” ಎಂದ. “ಇವತ್ತಿಗೆ ಹತ್ತು ದಿನ ಆಯ್ತು.”