ಸಹಿ ಬೇಡವಾದ ದಿನ

"ಅಪ್ಪನ ಪಿಂಚಣಿ ಬಂತು," ಎಂದು ಮಗಳು ಫೋನು ನೋಡಿ ಹೇಳಿದ್ದೇ ತಡ, ತಾಯಿಯ ಪಕ್ಕ ಕೂತಿದ್ದ ಅಪ್ಪನ ಬಲಗೈ ಮೇಜಿನ ಮೇಲೆ ಮೆಲ್ಲಗೆ ಜರುಗಿ ಬಂದು, ಕಿಟಕಿಯ ಪರದೆ ಸೋಸಿದ ಬಿಸಿಲಲ್ಲಿ ಬೆರಳು ಬಿಚ್ಚಿ ನಿಂತಿತು.

"ಇನ್ಮೇಲೆ ಚೆಕ್ಕಿನ ರಗಳೆ ಇಲ್ಲಮ್ಮ. ದುಡ್ಡು ನೇರ ಖಾತೆಗೇ ಬೀಳತ್ತೆ, ಸಹಿಯೂ ಬೇಡ." ಚೆಕ್ಕಿನ ಪದ್ಧತಿ ಬಿಡಿಸಲು ತಾಯಿಯ ಬೆನ್ನು ಬಿದ್ದು ಗೆದ್ದವಳು ಈ ಮಗಳೇ.

"ಒಳ್ಳೇದಾಯ್ತು ಬಿಡು," ಎಂದಳು ತಾಯಿ. ಕಣ್ಣು ಮಾತ್ರ ಆ ಕೈಯ ಮೇಲಿತ್ತು. ಲಕ್ವ ಹೊಡೆದು ಗಂಡನ ಮಾತು ಬಿದ್ದುಹೋದ ಮೇಲೆ, ಪ್ರತಿ ತಿಂಗಳೂ ಪಿಂಚಣಿ ಚೆಕ್ಕಿನ ಹಿಂಬದಿಗೆ ಅವಳೇ ಅವನ ಕೈ ಹಿಡಿದು ಸಹಿ ಮಾಡಿಸುತ್ತಿದ್ದಳು. ಪೆನ್ನು ನಿಧಾನವಾಗಿ ತಿರುಗುವಾಗ ಗೋಡೆ, ಗಡಿಯಾರ, ಬೀದಿಯ ಸದ್ದು ಎಲ್ಲ ಕರಗಿ, ಇಬ್ಬರೂ ಒಂದೇ ದೋಣಿಯಲ್ಲಿ ತೇಲುತ್ತಿರುವಂತೆ ಅನ್ನಿಸುತ್ತಿತ್ತು. ಮದುವೆಯಾದ ಹೊಸತರಲ್ಲೂ ಈ ಬಿಗುಮಾನದ ಮನುಷ್ಯ ಅಷ್ಟು ಹೊತ್ತು ಅವಳ ಕೈಯಲ್ಲಿ ಕೈಯಿಟ್ಟು ಕೂತವನಲ್ಲ.

"ಪಾಪ, ಅಪ್ಪನಿಗೆ ಇನ್ನೂ ಹಳೇ ಅಭ್ಯಾಸ. ಸಹಿ ಹಾಕ್ಬೇಕು ಅಂದ್ಕೊಂಡಿದಾರೆ," ಎಂದು ಮಗಳು ನಕ್ಕು, ಸಮಾಧಾನಕ್ಕೆಂದು ಆ ಬೆರಳುಗಳ ನಡುವೆ ಪೆನ್ನಿಟ್ಟಳು.

ಅವನು ಪೆನ್ನನ್ನು ಪಕ್ಕಕ್ಕೆ ಉರುಳಿಸಿದ. ಆಮೇಲೆ ಖಾಲಿ ಕೈಯನ್ನು ಹೆಂಡತಿಯತ್ತ ಇನ್ನಷ್ಟು ಚಾಚಿದ.